ಭಾವ ಬಳಿದ ನೀಲಿ ಬಣ್ಣ

ಜುಲೈ 4
ಇವತ್ತೂ ಸ್ಕ್ರೇಪರ್, ಇವತ್ತೂ ಗುಳ್ಳೆ. ದೋಣಿಯ ಅಡಿಯಲ್ಲಿ ಕೈಯಿಟ್ಟಲ್ಲೆಲ್ಲ ಉಬ್ಬು. ಚುಚ್ಚಿದರೆ ವಿನೆಗರ್ ವಾಸನೆಯ ನೀರು. ನೀರು ಒಳಗೆ ಸೇರದೆ ಇರುತ್ತದೆಯೇ? ಕಳೆದ ಮಳೆಗಾಲವಿಡೀ ಭುಜಂಗ ಭಾವ — ಅಕ್ಕನ ಗಂಡ, ದೋಣಿಯಲ್ಲಿ ಅರ್ಧ ಪಾಲು — ಹೊಳೆಯಲ್ಲೇ ಕಟ್ಟಿ ಹಾಕಿದ್ದರು. "ಸಿಹಿನೀರಿನಲ್ಲಿ ಹುಳ ಸಾಯ್ತದೆ ಮಾರಾಯ." ಹುಳ ಹಿಡಿಯುವುದು ಮರದ ದೋಣಿಗೆ. ಫೈಬರ್‌ಗೆ ಹೊಳೆನೀರೇ ಶತ್ರು. ಹೇಳಿದರೆ ನಗುತ್ತಾರೆ.

ಜುಲೈ 9
ಗುಳ್ಳೆಗಳನ್ನೆಲ್ಲ ಒಡೆದು, ತೊಳೆದು, ಶೆಡ್ಡಿನಲ್ಲಿ ಫ್ಯಾನ್ ಹಾಕಿದ್ದೇನೆ. ಪೂರ್ತಿ ಒಣಗಿದ ಮೇಲೆಯೇ ಗುಂಡಿ ಮುಚ್ಚುವ ಎಪಾಕ್ಸಿ ಅಂಟು. ಭಾವ ಬಂದರು.
"ನೂಲ ಹುಣ್ಣಿಮೆಗೆ ಕಡಲಿಗೆ ಹಾಲೆರೆದು ಎಲ್ಲರೂ ಇಳಿಸುವಾಗ ನಮ್ಮ ದೋಣಿ ಶೆಡ್ಡಿನಲ್ಲಿ ಇರುವುದಾ?"
"ಒಣಗದೆ ಮುಚ್ಚಿದರೆ ಒಳಗೇ ಕೊಳೆಯುತ್ತದೆ ಭಾವ. ಕಡಲಲ್ಲಿ ದೋಣಿಯ ಅಡಿ ಬಾಯಿ ಬಿಟ್ಟರೆ ಎಂತ ಮಾಡುವುದು? ಅದರಲ್ಲಿ ಹೋಗುವುದು ನಾವಿಬ್ಬರೇ."
"ನಿನಗೆ ಹೆದರಿಕೆ."
ಮೈಯೆಲ್ಲ ಉರಿಯಿತು.

ಆಗಸ್ಟ್ 6, ಸಂಜೆ
ಇಂಜಿನ್ ರಿಪೇರಿಗೆಂದು ಎರಡು ದಿನ ಮಂಗಳೂರಿನಲ್ಲಿದ್ದೆ. ಬಂದು ನೋಡಿದರೆ ದೋಣಿ ನೀಲಿ ಬಣ್ಣದಲ್ಲಿ ಫಳಫಳ. ಭಾವ ಒದ್ದೆ ಗುಂಡಿಗಳಿಗೇ ಪುಟ್ಟಿ ತುಂಬಿ, ಮೇಲೆ ಹೊಳಪಿನ ಜೆಲ್‌ಕೋಟ್ ಬಣ್ಣ ಬಳಿದು, ಹೆಸರೂ ಬರೆಸಿದ್ದಾರೆ. ಒಂದು ಮಾತು ಕೇಳಲಿಲ್ಲ. ನಾನೇನು ಕೂಲಿಯವನೇ?

ಆಗಸ್ಟ್ 9
ಹುಣ್ಣಿಮೆ. ಭಾವ ತೆಂಗಿನಕಾಯಿ ಹಿಡಿದು ನಿಂತಿದ್ದರು. ಸುತ್ತ ಬೇರೆ ದೋಣಿಗಳವರು. ಎಲ್ಲರೆದುರೇ ದೋಣಿಯ ಅಡಿಗೆ ಬಣ್ಣ ಉಜ್ಜುವ ಗ್ರೈಂಡರ್ ಹಚ್ಚಿದೆ. ನೀಲಿ ಪುಡಿ ಅವರ ಬಿಳಿ ಮುಂಡಿನ ಮೇಲೆಲ್ಲ. ಪುಟ್ಟಿ ಕಿತ್ತು ಬಂತು. ಕೆಳಗೆ ಒದ್ದೆ, ಅದೇ ವಾಸನೆ.
"ಮೂಸಿ ನೋಡಿ" ಎಂದೆ. ಯಾರೋ ನಕ್ಕರು. ಭಾವ ಮೂಸಲಿಲ್ಲ. ಕಾಯಿಯನ್ನು ನನ್ನ ಕೈಯಲ್ಲಿಟ್ಟು ಹೋದರು.
ಮಾಡಿದ್ದು ಸರಿ. ನೂರು ಸಲ ಸರಿ.

ಆಗಸ್ಟ್ 10
ಪಂಕಜಾಕ್ಷಿ ಅಕ್ಕ ಅಂಗಳದಲ್ಲೇ ನಿಂತಳು. ಒಳಗೆ ಬರಲಿಲ್ಲ.
"ದೋಣಿ ನೀನೇ ಇಟ್ಟುಕೊಳ್ಳಬೇಕಂತೆ. ಅವರು ಬೇರೆ ದೋಣಿಗೆ ಹೋಗ್ತಾರೆ. ನೀನು ಹೇಳಿದ್ದು ಸರಿಯೇ ಲತೇಶ. ಅಷ್ಟು ಜನರ ಎದುರು ಬೇಕಿತ್ತಾ?"
ಹೋಗಲಿ. ಯಾರಿಗೆ ಬೇಕು?

ಅಕ್ಟೋಬರ್ 12
ಎಪಾಕ್ಸಿ, ಜೆಲ್‌ಕೋಟ್ ಎಲ್ಲ ಮುಗಿಯಿತು. ತಟ್ಟಿದರೆ ಗಟ್ಟಿ ಸದ್ದು. ನೀರಿಗಿಳಿಸಲು ಜನ ಕರೆದರೆ ಎಲ್ಲರದ್ದೂ ಒಂದೇ ಪ್ರಶ್ನೆ: "ಭಾವನಿಗೆ ಹೇಳಿದ್ದೀಯಾ?" ಎಂಥ ಜನ. ಅವತ್ತು ನಕ್ಕವರೂ ಇವರೇ.

ರಾತ್ರಿ ಊಟಕ್ಕೆ ಮೊದಲು ಫೋನ್ ಮಾಡಿದೆ. ಎತ್ತಿದರು. "ಹಾಂ" ಎಂದರು, ಅಷ್ಟೆ. ದೋಣಿ ರೆಡಿ ಉಂಟು ಎಂದೆ. ಅದಲ್ಲ ಹೇಳಬೇಕಾಗಿದ್ದದ್ದು. ಹೇಳಬೇಕಾಗಿದ್ದದ್ದು — ಭಾವ, ಅವತ್ತು ಅಷ್ಟು ಜನರ ಎದುರು ನಾನು —