‘ಐತಿ’ಯನ್ನು ತಿದ್ದಬೇಡ

ಐಗಳಿ, ಸೋಮವಾರ

ಮಗಳು ಸೀಮಾಗೆ ಅವ್ವನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ಮಾತು ಮರೆಸುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಡಿಸೈನ್ ಕಾಲೇಜಿನ ಗೆಳತಿ ಪ್ರಾಜಕ್ತಾ ಎಲ್ಲ ಹೇಳಿದಳು. ಕಿಟ್ಲಿ ಬಿಡಿಸಿ, ‘ಬಿಸಿ ಚಾ ಐತಿ, ಬರ್ರಿ’ ಎಂದು ಬರೆದ ನಿನ್ನ ಚಿತ್ರವನ್ನು ಇನ್‌ಸ್ಟಾದಲ್ಲಿ ಹಾಕಿದ್ದೆಯಂತೆ. ಯಾರೋ ‘“ಇದೆ” ಅಂತ ಬರೆಯೋಕೂ ಬರಲ್ವಾ?’ ಎಂದು ನಕ್ಕರಂತೆ. ನೀನು ಚಿತ್ರ ಅಳಿಸಿ, ಇನ್ನು ಏನೂ ಹಾಕುವುದಿಲ್ಲ ಎಂದು ಕೂತಿದ್ದೀಯಂತೆ.

ನನಗೂ ಕಳಿಸಿದ್ದೆಯಲ್ಲ, ಅದನ್ನು ಚಹಾದಂಗಡಿ ಮುರಗೆಪ್ಪನಿಗೆ ತೋರಿಸಿದೆ. ‘ಅಕ್ಕಾರ, ನಾ ಕೂಗಿದಂಗ ಐತಲ್ರಿ! ತಪ್ಪಿದ್ರ ಆ ಚಿತ್ರದಾಗಿನ ಕಿಟ್ಲಿದ ರೀ, ನನ್ನ ಕಿಟ್ಲಿ ಇಷ್ಟ ಸ್ವಚ್ಛ ಎಲ್ಲೈತಿ?’ ಎಂದ.

ನಾನು ದಿನಾ ಪೂಜೆಯಲ್ಲಿ ‘ಶಿವನೇ, ನಿನ್ನ ದಯಾ ಐತಿ’ ಎಂದೇ ಕೈ ಮುಗಿಯುತ್ತೇನೆ. ಅವನು ಒಂದು ದಿನವೂ ತಿದ್ದಿಲ್ಲ.

ಈ ಪತ್ರ ಮುಟ್ಟಿದ ದಿನವೇ ಚಿತ್ರವನ್ನು ಮತ್ತೆ ಹಾಕು. ‘ಐತಿ’ ಹಾಗೇ ಇರಲಿ. ಕೆಳಗೆ ನಿನ್ನ ಹೆಸರು, ನಮ್ಮ ಊರು ಬರೆ. ಹೊತ್ತಿಗೆ ಸರಿಯಾಗಿ ಉಣ್ಣು.

ಫೋನಿನಲ್ಲಿ ಕನ್ನಡ ಬರೆಯುವುದನ್ನು ನೆರೆಮನೆಯ ವಾಜಿದಾಳಿಂದ ಕಲಿಯುತ್ತಿದ್ದೇನೆ. ನಿನ್ನ ಚಿತ್ರದ ಕೆಳಗೆ ಎಲ್ಲರಿಗೂ ಕಾಣುವಂತೆ ನಾನೂ ಎರಡು ಸಾಲು ಬರೆಯುವವಳಿದ್ದೇನೆ. ಅದರಲ್ಲಿ ತಪ್ಪಿದ್ದರೂ ಅಳಿಸಬೇಡ.

ನಿನ್ನ ಅವ್ವ,
ಸಕ್ಕುಬಾಯಿ