ತನ್ವಿ ಎಂಬ ಬ್ರಾಂಚ್

ತಿರುವನಂತಪುರ
೧೦ ನವೆಂಬರ್ ೨೦೦೮, ಸೋಮವಾರ

ಪ್ರೀತಿಯ ನಿಮಗೆ,

(ಗಂಡನ ಹೆಸರು ಹಿಡಿದು ಬರೆದರೆ ರಾಣೆಬೆನ್ನೂರಿನಲ್ಲಿ ಕೂತ ನಿಮ್ಮಮ್ಮನಿಗೆ ಬಿಕ್ಕಳಿಕೆ ಬಂದೀತು, ಅದಕ್ಕೆ ಇಷ್ಟೇ.) ಆರೋಗ್ಯ ಹೇಗಿದೆ? ಏಲೂರಿನ ಕಡೆಯಿಂದ ಗಾಳಿ ತಿರುಗಿದರೆ ಎಡಪ್ಪಳ್ಳಿಯ ನಿಮ್ಮ ಕೋಣೆಗೂ ಕಾರ್ಖಾನೆಯ ವಾಸನೆ ಬರುತ್ತದೆ, ಎದೆ ಕಟ್ಟುತ್ತದೆ ಎಂದಿದ್ದಿರಿ. ಆ ಕಡೆಯ ಕಿಟಕಿ ಮುಚ್ಚಿ ಮಲಗಿ. ಮೆಸ್ಸಿನ ಆ ದಪ್ಪ ಕೆಂಪು ಮಟ್ಟ ಅಕ್ಕಿ ಅನ್ನ ಈಗಲಾದರೂ ಒಗ್ಗಿತೇ? ಅತ್ತೆ ಕಳಿಸಿದ ಜೋಳದ ಹಿಟ್ಟು ಡಬ್ಬಿಯಲ್ಲೇ ಕೂತಿದೆ. ಒಬ್ಬಳಿಗಾಗಿ ರೊಟ್ಟಿ ಬಡಿಯಲು ಮನಸ್ಸಾಗುವುದಿಲ್ಲ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತಲ್ಲ ಎನ್ನಬೇಡಿ. ನಿಮ್ಮ “ಹ್ಞೂಂ, ಇಡ್ಲೇನು?” ಕೇಳಿ ಕೇಳಿ ಸಾಕಾಗಿದೆ. ಸ್ವಲ್ಪ ದಿನದ ಕೆಲಸ ಎಂದು ಕೊಚ್ಚಿ ಆಫೀಸಿಗೆ ಹೋದವರು ಓಣಂಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ.

ಮೊನ್ನೆ ಅತ್ತೆ ಫೋನಿನಲ್ಲಿ “ನಿನ್ನ ಕೆಲಸ ಅಂದ್ರ ಏನವಾ?” ಎಂದು ಮತ್ತೆ ಕೇಳಿದರು. ಹಿಟ್ಟಿನ ಗಿರಣಿ ಕಾಯುವುದು ಎಂದೆ. ಇಲ್ಲಿಯವರು, ಕೊಚ್ಚಿಯವರು ತಂತಮ್ಮ ಬ್ರಾಂಚಿನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಅವರವರ ಕೆಲಸಕ್ಕೆ ಹೆಸರಿಟ್ಟು ಬೇರೆ ಮಾಡಿಕೊಂಡ ಕವಲಿನಲ್ಲಿ, ಬರೆದ ಪ್ರೋಗ್ರಾಮನ್ನೆಲ್ಲ ಬಿಲ್ಡ್ ಮೆಶೀನು ತಾನಾಗಿಯೇ ಬೀಸುತ್ತದೆ, ಯಾರದು ಸರಿಯಾಯಿತು ಯಾರದು ಕೆಟ್ಟಿತು ಎಂದು ಬೆಳಿಗ್ಗೆ ಎಲ್ಲರಿಗೂ ಮೇಲ್ ಕಳಿಸುತ್ತದೆ, ಅದಕ್ಕೆ ನಾನು ಕಾವಲು ಎಂದು ವಿವರಿಸಿದೆ. “ಹಂಗಾರ ಇಷ್ಟ್ ಓದಿದ್ದು ಗಿರಣಿ ಕಾಯಾಕೇನು?” ಎಂದು ನಕ್ಕರು. ನಾನೂ ನಕ್ಕೆ. ಆ ಮೇಲ್ ಒಂದೇ ನನಗೆ ನಿಮ್ಮ ಸುದ್ದಿ ತರುತ್ತಿತ್ತು ಎಂದು ಅವರಿಗೆ ಹೇಗೆ ಹೇಳಲಿ? ನಿಮ್ಮ ಬ್ರಾಂಚ್ ಸರಿ ಇದ್ದರೆ ಎದ್ದಿದ್ದಾರೆ, ಉಂಡಿದ್ದಾರೆ, ಕೆಲಸ ಮಾಡಿದ್ದಾರೆ ಎಂದು ಸಮಾಧಾನವಾಗುತ್ತಿತ್ತು. ಆದರೆ ಆ ಬ್ರಾಂಚಿನ ಹೆಸರು ಓದುವುದೇ ಒಂದು ಸಂಕಟ. ನಾನು ಬಸುರಿಯಾಗಿದ್ದಾಗ ಖುಷಿಯಲ್ಲಿ ಅದಕ್ಕೆ ‘ತನ್ವಿ’ ಎಂದು ಹೆಸರಿಟ್ಟವರು ನೀವು. ಹೆಣ್ಣೇ ಎಂದು ಅದೆಷ್ಟು ಭರವಸೆ ನಿಮಗೆ! ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುತ್ತೀರಲ್ಲ ಎಂದು ಚುಡಾಯಿಸಿದ್ದೆ. ಮಗಳೇ ಹುಟ್ಟಿದಳು. ಅಳಲಿಲ್ಲ, ಉಸಿರಾಡಲಿಲ್ಲ. ಆಮೇಲೆ ಆ ಹೆಸರನ್ನು ನಾವಿಬ್ಬರೂ ಬಾಯಲ್ಲಿ ಆಡಿಲ್ಲ. ಬ್ರಾಂಚಿಗೆ ಮಾತ್ರ ಅದು ಹಾಗೇ ಉಳಿಯಿತು, ಬದಲಿಸಲು ನಿಮಗೆ ಕೈ ಬರಲಿಲ್ಲ.

ಕಳೆದ ಬುಧವಾರಕ್ಕೆ ಅವಳು ಹೋಗಿ ವರ್ಷವಾಯಿತು. ನಿಮ್ಮ ಫೋನು ಬಂದೀತೆಂದು ಕಾದೆ. ಬರಲಿಲ್ಲ. ಈ ಮನುಷ್ಯನಿಗೆ ನೆನಪೇ ಇಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮರುದಿನ ಬೆಳಗಿನ ಮೇಲಿನಲ್ಲಿ ಕೆಂಪಕ್ಷರದಲ್ಲಿ ‘ತನ್ವಿ: ಫೇಲ್ಡ್’ ಎಂದು ಬಂತು. ನಮ್ಮ ಮ್ಯಾನೇಜರ್ ವಿನ್ಸೆಂಟ್ ಸರ್ ನಗುತ್ತಾ “ಆರಾ ತನ್ವಿಯೆ ಪೊಟ್ಟಿಚ್ಚದ್?” ಎಂದು ಕೂಗಿದರು. ತನ್ವಿಯನ್ನು ಒಡೆದವರು ಯಾರು ಅಂತ. ಪಾಪ, ಆ ಹೆಸರು ಯಾರದೆಂದು ಅವರಿಗೇನು ಗೊತ್ತು. ನಾನು ಎದ್ದು ಬಾತ್‌ರೂಮಿಗೆ ಹೋದೆ. ಮುಖ ತೊಳೆದು ಬಂದು ನಿಮ್ಮ ಕೋಡ್ ತೆರೆದರೆ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗರೂ ಮಾಡದ ತಪ್ಪುಗಳು. ಒಂದೇ ಸಾಲನ್ನು ಎರಡು ಸಲ ಬರೆದಿದ್ದೀರಿ, ತೆರೆದ ಬ್ರಾಕೆಟ್ ಮುಚ್ಚಿಲ್ಲ. ಅವತ್ತು ನೀವು ಯಾವ ಸ್ಥಿತಿಯಲ್ಲಿ ಕೂತಿದ್ದಿರಿ ಎಂದು ತಿಳಿಯಿತು. ನಿಮ್ಮ ಮೇಲಿನ ಸಿಟ್ಟು ಅಲ್ಲೇ ಇಳಿಯಿತು, ಅಳು ಮಾತ್ರ ಇಳಿಯಲಿಲ್ಲ.

ಈ ನಡುವೆ ಇಲ್ಲಿ ಒಂದು ರಾದ್ಧಾಂತ. ಯಾರೋ ಪ್ರಯೋಗಕ್ಕೆಂದು ಬರೆದ ಅರೆಬೆಂದ ಕೆಲಸವನ್ನೂ ಮೆಶೀನು ಬಿಲ್ಡ್ ಮಾಡಿ, ಅದು ಗಿರಾಕಿಯ ಕೈ ಸೇರಿಬಿಟ್ಟಿತು. ಇನ್ನು ಮೆಶೀನು ಕಂಡಕಂಡ ಬ್ರಾಂಚನ್ನೆಲ್ಲ ಮುಟ್ಟಕೂಡದು, ಪಟ್ಟಿಯಲ್ಲಿ ಹೆಸರು ಕೊಟ್ಟ ಬ್ರಾಂಚನ್ನು ಮಾತ್ರ ತೆಗೆದುಕೊಳ್ಳಬೇಕು ಎಂದು ಆದೇಶವಾಗಿದೆ. ಮುಖ್ಯ ಬ್ರಾಂಚ್ ಒಂದು, ಗಿರಾಕಿಗೆ ಕಳಿಸುವುದು ಒಂದು. ಪಟ್ಟಿಗೆ ಹೆಸರು ಹಾಕುವ ಕೆಲಸ ನನ್ನ ತಲೆಗೆ ಬಂತು. ನಿಯಮ ಸರಿಯಾದದ್ದೇ, ಮೊದಲಿಂದ ಕೇಳುತ್ತಿದ್ದವಳೂ ನಾನೇ. ಆದರೂ ಹಾಕಲು ಕೂತರೆ ಕೈ ಓಡಲಿಲ್ಲ. ತನ್ವಿ ಹೊರಗುಳಿದರೆ ನಿಮ್ಮ ಸುದ್ದಿಯನ್ನು ನನಗೆ ಯಾರು ಹೇಳಬೇಕು?

ಇರಲಿ. ತಲೆಗೆ ಎಣ್ಣೆ ಹಚ್ಚಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಊರಿಗೆ ಫೋನ್ ಮಾಡಿದರೆ ಅತ್ತೆ ಮಾವನಿಗೆ ನನ್ನ ನಮಸ್ಕಾರ ಹೇಳಿ, ನಾನು ಚೆನ್ನಾಗಿದ್ದೇನೆ ಎಂದೂ ಹೇಳಿ.

ನಿಮ್ಮ
ದಾಕ್ಷಾಯಣಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆದುಬಿಡುತ್ತೇನೆ. “ಸಮರ್ಥ್ ದೂರದಲ್ಲಿದ್ದಾನೆ, ಬೇಕಾದರೆ ಪಟ್ಟಿಯಲ್ಲಿ ಅವನದೊಂದು ಇರಲಿ” ಎಂದು ವಿನ್ಸೆಂಟ್ ಸರ್ ನಿಮ್ಮ ಬಗ್ಗೆ ಹೇಳಿದ್ದರು. ನಾನೇ ಬೇಡವೆಂದೆ. ನೀವು ಬರೆದದ್ದೆಲ್ಲ ಜೋಪಾನವಾಗಿದೆ, ಏನೂ ಅಳಿಸಿಲ್ಲ. ಮೆಶೀನು ಮಾತ್ರ ಇನ್ನು ಅದನ್ನು ಮುಟ್ಟುವುದಿಲ್ಲ. ನಮ್ಮ ಮಗಳು ಕೆಟ್ಟಳು ಎಂದು ಇನ್ನೊಂದು ಬೆಳಿಗ್ಗೆ ಓದುವ ಶಕ್ತಿ ನನಗಿಲ್ಲ ರೀ. ಶನಿವಾರ ಬೆಳಗಿನ ರೈಲಿಗೆ ಎರ್ನಾಕುಲಂಗೆ ಬರುತ್ತಿದ್ದೇನೆ, ಹಿಟ್ಟಿನ ಡಬ್ಬಿಯನ್ನೂ ತರುತ್ತೇನೆ. ಸ್ಟೇಶನ್ನಿಗೆ ಬನ್ನಿ. ಅವಳ ಹೆಸರನ್ನು ಒಂದು ಸಲವಾದರೂ ನಾವಿಬ್ಬರೂ ಬಾಯಿಬಿಟ್ಟು ಹೇಳೋಣ.