ಬರೀ ನೆಲಕ್ಕೆ ನೀರು

ಮಧುಗಿರಿ,
ಭಾನುವಾರ

ಪರ್ವತಯ್ಯನವರಿಗೆ, ನಿಮ್ಮ ಮನೆಯಲ್ಲಿ ಬಾಡಿಗೆಗಿರುವ ಭವ್ಯ ಮಾಡುವ ನಮಸ್ಕಾರಗಳು.

ಹಿತ್ತಿಲಿಗೆಲ್ಲ ಸಿಮೆಂಟ್ ಹಾಕಿಸುತ್ತೇನೆಂದು ಫೋನಿನಲ್ಲಿ ಹೇಳಿದಿರಿ. ಅದಕ್ಕೆ ಮೊದಲು ಒಂದು ವಿಷಯ ತಿಳಿಸಬೇಕು. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಹೋದ ವಾರ ಬಿಡಿಭಾಗಗಳನ್ನು ತರಿಸಿ, ಮೊದಲ ಸಲ ಒಂದು ಕಂಪ್ಯೂಟರನ್ನು ನಾನೇ ಕೈಯಾರೆ ಜೋಡಿಸಿದೆ. ಚಾಲೂ ಏನೋ ಆಯಿತು, ಆದರೆ ಅದರ ಕಬ್ಬಿಣದ ಡಬ್ಬಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ನನ್ನದೇ ತಪ್ಪೆಂದು ಎರಡು ಸಲ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದೆ. ಕೊನೆಗೆ ಸೋತು, ಈ ಮನೆಗೆ ವೈರಿಂಗ್ ಮಾಡಿದ ಓಬಳಯ್ಯನವರನ್ನು ಕರೆಸಿದೆ. ಅವರು ಕಂಪ್ಯೂಟರನ್ನು ನೋಡಲೇ ಇಲ್ಲ. ನೇರ ಹಿತ್ತಿಲಿಗೆ ಹೋಗಿ ಅರ್ಥಿಂಗ್ ಪೈಪಿನ ಸುತ್ತಲ ಮಣ್ಣು ಕೆದಕಿದರು.

"ನಿನ್ ತಪ್ಪೇನಿಲ್ಲ ಕಣಮ್ಮ, ನೆಲ ಒಣಗೋಗೈತೆ, ಕರೆಂಟು ಭೂಮಿಗೆ ಇಳೀತಿಲ್ಲ. ದಿನಾ ಇಲ್ಲಿಗೆ ನೀರು ಉಯ್ರಿ, ಇಲ್ದಿದ್ರೆ ಶಾಕ್ ಹೊಡೀತೈತೆ ಅಂತ ಚನ್ನಮಲ್ಲಮ್ಮಾರಿಗೆ ನಾನೇ ಯೋಳಿದ್ದೆ. ಕಣ್ ಮುಚ್ಚೋಗಂಟ ಒಂದಿನಾನೂ ತಪ್ಪಿಸ್ಲಿಲ್ಲ ಮಹಾತಾಯಿ" ಎಂದರು.

ಕೀಲಿಕೈ ಕೊಡುವಾಗ ನೀವು ಹೇಳಿದ್ದು ನೆನಪಾಯಿತು. ಗಿಡವೂ ಇಲ್ಲದ ಬರೀ ನೆಲಕ್ಕೆ ನಿಮ್ಮ ಮನೆಯವರು ಚನ್ನಮಲ್ಲಮ್ಮನವರು ನೀರು ಸುರಿಯುತ್ತಿದ್ದರು, ಎಷ್ಟು ಬೈದರೂ ಕೇಳುತ್ತಿರಲಿಲ್ಲ ಎಂದಿದ್ದಿರಿ.

ಸಿಮೆಂಟ್ ಹಾಕಿಸುವಾಗ ದಯವಿಟ್ಟು ಆ ಪೈಪಿನ ಸುತ್ತ ಒಂದು ಮೊಳ ಮಣ್ಣು ಹಾಗೇ ಬಿಡಿಸಿ. ಈಗ ದಿನಾ ಬೆಳಿಗ್ಗೆ ನಾನು ನೀರು ಹಾಕುತ್ತಿದ್ದೇನೆ. ಜುಮ್ಮೆನ್ನುವುದು ನಿಂತಿದೆ.

ಚನ್ನಮಲ್ಲಮ್ಮನವರ ಬಿಂದಿಗೆ ಬಚ್ಚಲ ಮೂಲೆಯಲ್ಲಿ ಬೋರಲಾಗಿತ್ತು. ನಿಮ್ಮನ್ನು ಕೇಳದೆ ತೆಗೆದುಕೊಂಡಿದ್ದೇನೆ.

ಇಂತಿ,
ಭವ್ಯ